ತಾರೆ ಮರದ ಬಾವಲಿಗಳು: ಮರ ಕಡಿಸಬೇಕಾ, ಅಡಿಕೆ ಹೆಕ್ಕಬಹುದಾ?

ತೋಡಿನಬದಿ (ಪ್ರಶ್ನೆ), ಫೆಬ್ರವರಿ 6

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡದೆ ಓದಿ.

ನಮ್ಮದು ಪುತ್ತೂರು ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟ. ತೋಟದ ಕೆಳಗೆ ತೋಡಿನ ಬದಿಯಲ್ಲಿ ಒಂದು ದೊಡ್ಡ ತಾರೆ ಮರ ಇದೆ. ಬುಡ ನಮ್ಮ ಜಾಗದಲ್ಲಿ, ಅರ್ಧ ಗೆಲ್ಲು ಪಕ್ಕದ ಮನೆಯವರ ಜಾಗದ ಮೇಲೆ. ಆ ಮರದ ತುಂಬ ದೊಡ್ಡ ಬಾವಲಿಗಳು. ಹೊಸದಾಗಿ ಬಂದದ್ದಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದು 14 ವರ್ಷ ಆಯ್ತು, ಆಗಲೂ ಇದ್ದವು. ಅತ್ತೆ ಮದುವೆಯಾಗಿ ಬಂದಾಗಲೂ ಇದ್ದವಂತೆ. ಹಗಲು ನೋಡಿದರೆ ಗೆಲ್ಲಿನಲ್ಲಿ ಕಪ್ಪು ಬಟ್ಟೆ ಒಣಗಲು ಹಾಕಿದ ಹಾಗೆ ಕಾಣುತ್ತದೆ. ಬಿಸಿಲು ಜಾಸ್ತಿ ಆದಾಗ ಎಲ್ಲವೂ ಒಂದೇ ಸಲ ರೆಕ್ಕೆ ಬೀಸಿಕೊಳ್ಳುತ್ತವೆ.

ಇಷ್ಟು ವರ್ಷ ಯಾರಿಗೂ ತೊಂದರೆ ಅನಿಸಿರಲಿಲ್ಲ. ಈಗ ಪಕ್ಕದ ಮನೆಯ ಅಣ್ಣನಿಗೆ ಹೆದರಿಕೆ ಹತ್ತಿದೆ. ಅವರ ಮಗ ಕೇರಳದ ಮಲಪ್ಪುರಂ ಕಡೆ ಕೆಲಸದಲ್ಲಿದ್ದಾನೆ. ಅಲ್ಲಿ ನಿಪಾ (ಬಾವಲಿಯಿಂದ ಮನುಷ್ಯರಿಗೆ ಬರುವ, ಪ್ರಾಣ ತೆಗೆಯುವ ಜ್ವರ) ಬಂದಾಗ ಓಣಿ ಓಣಿ ಮುಚ್ಚಿದ್ದನ್ನು ಕಣ್ಣಾರೆ ಕಂಡವನು. "ಮರ ಕಡಿಸಿ, ಖರ್ಚು ಅರ್ಧ ನಾನು ಕೊಡುತ್ತೇನೆ, ಇಲ್ಲದಿದ್ದರೆ ಪಟಾಕಿ ಹೊಡೆದು ಓಡಿಸುತ್ತೇನೆ" ಎಂದು ಅಣ್ಣ ಎರಡು ಸಲ ಬಂದು ಹೇಳಿ ಹೋದರು. ಕೆಟ್ಟ ಮನುಷ್ಯ ಅಲ್ಲ. ಮನೆಯಲ್ಲಿ ಸಣ್ಣ ಮೊಮ್ಮಗು ಇದೆ, ಅದಕ್ಕೆ ಭಯ. ಅವರ ಹಟ್ಟಿ, ಹಂದಿ ಗೂಡು ಎಲ್ಲ ಆ ಮರದ ಕಡೆಗೇ ಇದೆ, ಹಿಕ್ಕೆ ಬಿದ್ದು ವಾಸನೆ ಅಂತಲೂ ದೂರು.

ನನ್ನ ಚಿಂತೆ ಇನ್ನೊಂದು. ನಮ್ಮ ಅತ್ತೆಗೆ 71 ವರ್ಷ. ಬೆಳಿಗ್ಗೆ ಆರಕ್ಕೆ ಮುಟ್ಟಾಳೆ ತಲೆಗೆ ಹಾಕಿ, ಬುಟ್ಟಿ ಹಿಡಿದು ತೋಟಕ್ಕೆ ಇಳಿಯುತ್ತಾರೆ. ಬಾವಲಿಗಳು ರಾತ್ರಿ ಹಣ್ಣಡಿಕೆ ಕಿತ್ತು, ಸಿಪ್ಪೆ ಚೀಪಿ, ಅಡಿಕೆ ಬಿಸಾಡುತ್ತವೆ ಅಲ್ವಾ, ಅದನ್ನು ಹೆಕ್ಕಲು. ಈ ತಿಂಗಳುಗಳಲ್ಲಿ ದಿನಕ್ಕೆ ಅರ್ಧ ಬುಟ್ಟಿ ಸಿಗುತ್ತದೆ. ಹೆಕ್ಕಿದ್ದು ಅವರ ಕೈಖರ್ಚಿನ ದುಡ್ಡು. ಮೊನ್ನೆ ನಾನು ಹಿಂದೆಯೇ ಹೋಗಿದ್ದೆ. ಒಂದು ಹಣ್ಣಡಿಕೆ ಹೆಕ್ಕಿದರು. ಒಂದು ಬದಿಯ ಸಿಪ್ಪೆ ನಾರು ನಾರಾಗಿ, ಇನ್ನೂ ಒದ್ದೆ ಇತ್ತು. ಸೊಂಟದ ಕತ್ತಿಯಿಂದ ಅಲ್ಲೇ ಸಿಪ್ಪೆ ಸುಲಿದು, ಹಸಿ ಅಡಿಕೆಯ ಒಂದು ಹೋಳು ಕತ್ತರಿಸಿ, ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡರು. ನನಗೆ ಎದೆ ಧಸಕ್ಕೆಂದಿತು. ಹೇಳಿದರೆ, "ಐವತ್ತು ವರ್ಷದಿಂದ ತಿಂದಿದ್ದೇನೆ, ಏನೂ ಆಗಿಲ್ಲ" ಎಂದರು.

ಹಾಗಾಗಿ ಕೇಳುವುದು ಇಷ್ಟು. ಬಾವಲಿ ಚೀಪಿದ ಅಡಿಕೆ ಹೆಕ್ಕಬಹುದಾ, ಒಣಗಿಸಿ ಮಾರಬಹುದಾ? ಮಕ್ಕಳು ಮರದಡಿ ಬಿದ್ದ ಪೇರಳೆ, ಗೇರುಹಣ್ಣು ತಿನ್ನಬಹುದಾ? ಬಾವಿಯ ನೀರು? ಕೊನೆಗೆ, ಆ ಮರ ಕಡಿಸಲೇಬೇಕಾ? ನನಗೆ ಮನಸ್ಸಿಲ್ಲ. ಆದರೆ ಸುಮ್ನೆ ಮನಸ್ಸಿಲ್ಲ ಎಂದರೆ ಪಕ್ಕದವರಿಗೆ ಉತ್ತರ ಆಗುವುದಿಲ್ಲ.

—

ಸುಳ್ಯದ ಮೇಷ್ಟ್ರು, ಫೆಬ್ರವರಿ 6

ಅಕ್ಕಾ, ಮೊದಲು ಮರದ ಮಾತು. ದಯವಿಟ್ಟು ಕಡಿಸಬೇಡಿ, ಪಟಾಕಿ ಹೊಡೆಯಲೂ ಬಿಡಬೇಡಿ. ಬಾವಲಿ ಮೇಲಿನ ಪ್ರೀತಿಗೆ ಮಾತ್ರ ಹೇಳುತ್ತಿಲ್ಲ. ನಿಮ್ಮ ಮನೆಯವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಪೇರಾಂಬ್ರದಲ್ಲಿ ನಿಪಾ ಬಂತಲ್ಲ, ಆಗ ನಮ್ಮೂರಿನಲ್ಲೂ ಇದೇ ಹೆದರಿಕೆ. ಊರಿನ ಗೋಳಿಮರದಲ್ಲಿ ಬಾವಲಿ ಇತ್ತು. ಯುವಕರು ಸೇರಿ ಎರಡು ಸಂಜೆ ಪಟಾಕಿ ಹೊಡೆದರು, ಬುಡದಲ್ಲಿ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸಿದರು. ಬಾವಲಿಗಳು ಹೋದವು ನಿಜ. ಹೋಗಿದ್ದು ಎಲ್ಲಿಗೆ? ಮೂರು ಗುಂಪಾಗಿ ಒಡೆದು ಒಂದು ಗುಂಪು ನಮ್ಮ ಶಾಲೆಯ ಹಿಂದಿನ ಮಾವಿನ ಮರಕ್ಕೇ ಬಂದು ಕೂತಿತು. ಅದರ ಕೆಳಗೆ ಬಿಸಿಯೂಟದ ಪಾತ್ರೆ ತೊಳೆಯುವ ಕಟ್ಟೆ, ಪಕ್ಕದಲ್ಲಿ ನೀರಿನ ಟ್ಯಾಂಕ್. ಅದುವರೆಗೆ ಮನೆಗಳಿಂದ ದೂರ, ಗದ್ದೆಯ ಬದಿಯಲ್ಲಿ ಇದ್ದದ್ದನ್ನು ನಾವೇ ಮಕ್ಕಳ ತಟ್ಟೆಯ ಮೇಲೆ ತಂದು ಕೂರಿಸಿದ ಹಾಗಾಯ್ತು. ಆ ಜೂನ್‌ನಲ್ಲಿ ಶಾಲೆ ಶುರುವಾದಾಗ ಟ್ಯಾಂಕಿಗೆ ಮುಚ್ಚಳ, ಕಟ್ಟೆಗೆ ಶೀಟು ಹಾಕಿಸಲು ನಾನು ಓಡಾಡಿದ್ದು ಇನ್ನೂ ನೆನಪಿದೆ. ಆಮೇಲೆಯೇ ನಾನು ಬಾವಲಿಗಳ ವಿಷಯ ಸರಿಯಾಗಿ ಓದಲು ಶುರು ಮಾಡಿದ್ದು.

ನಿಪಾ ವೈರಸ್ ಈ ದೊಡ್ಡ ಬಾವಲಿಗಳ ಮೈಯಲ್ಲಿ ಬದುಕುತ್ತದೆ. ಅವಕ್ಕೆ ಅದರಿಂದ ಕಾಯಿಲೆ ಬರುವುದಿಲ್ಲ. ಎಲ್ಲ ಬಾವಲಿಯಲ್ಲೂ, ಎಲ್ಲ ಕಾಲದಲ್ಲೂ ವೈರಸ್ ಇರುವುದಿಲ್ಲ. 2018ರಲ್ಲಿ ಪೇರಾಂಬ್ರದ ಕಡೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು 52 ಬಾವಲಿಗಳನ್ನು ಪರೀಕ್ಷೆ ಮಾಡಿದಾಗ 10ರಲ್ಲಿ ಸಿಕ್ಕಿತು. ರೋಗ ಬಂದ ಜಾಗದಲ್ಲಿ, ರೋಗ ಬಂದ ಹೊತ್ತಿನಲ್ಲಿ ಅಷ್ಟು. ಆಮೇಲೆ ಬೇರೆ ರಾಜ್ಯಗಳಲ್ಲಿ ಹುಡುಕಿದಾಗ ನಮ್ಮ ಕರ್ನಾಟಕದ ಬಾವಲಿಗಳಲ್ಲೂ ಪ್ರತಿಕಾಯ ಕಂಡಿದೆ. ಅಂದರೆ ಯಾವತ್ತೋ ಒಮ್ಮೆ ವೈರಸ್ ಮೈಗೆ ಹೊಕ್ಕು ಹೋಗಿತ್ತು ಎಂಬ ಗುರುತು. ಹಾಗಾಗಿ ನಮ್ಮ ಕಡೆ ಇಲ್ಲವೇ ಇಲ್ಲ ಎಂದು ಕೂರುವ ಹಾಗಿಲ್ಲ, ಮರ ಕಂಡಕೂಡಲೇ ಓಡುವ ಹಾಗೂ ಇಲ್ಲ.

ವೈರಸ್ ಹೊರಗೆ ಬರುವುದು ಹೆಚ್ಚಾಗಿ ಬಾವಲಿಯ ಜೊಲ್ಲಿನಲ್ಲಿ, ಉಚ್ಚೆಯಲ್ಲಿ. ಗೆಲ್ಲಿನಲ್ಲಿ ಸುಮ್ಮನೆ ನೇತಾಡುವ ಬಾವಲಿ ಗಾಳಿಯಲ್ಲಿ ನಿಮ್ಮ ಮನೆಗೆ ರೋಗ ಕಳಿಸುವುದಿಲ್ಲ. ಅದರ ಜೊಲ್ಲು, ಉಚ್ಚೆ ಹಸಿಯಾಗಿ ನಮ್ಮ ಬಾಯಿಗೋ ಕಣ್ಣಿಗೋ ಹೋಗುವ ದಾರಿ ಬೇಕು. ಆ ದಾರಿ ಎಲ್ಲಿದೆ ಎಂದು ಹುಡುಕಿ ಮುಚ್ಚುವುದೇ ಕೆಲಸ. ನೀವು ಬರೆದದ್ದರಲ್ಲಿ ನನಗೆ ಎರಡು ದಾರಿ ಕಂಡಿತು.

ಒಂದು, ನಿಮ್ಮ ಅತ್ತೆಯ ಎಲೆ ಅಡಿಕೆ. ನಿಮಗೆ ಎದೆ ಧಸಕ್ಕೆಂದದ್ದು ಸರಿಯೇ. ಬಾವಲಿ ಹಣ್ಣು ನುಂಗುವುದಿಲ್ಲ, ಅಗಿದು ರಸ ಹೀರಿ ನಾರನ್ನು ಉಗುಳುತ್ತದೆ. ಹಾಗಾಗಿ ಆ ಒದ್ದೆ ಸಿಪ್ಪೆ ಪೂರ್ತಿ ಜೊಲ್ಲು. ಅದನ್ನು ಹಿಡಿದ ಕೈಯಲ್ಲೇ ಸುಣ್ಣ ಹಚ್ಚಿ, ಆ ಕತ್ತಿಯಲ್ಲೇ ಹೋಳು ಮಾಡಿ ಬಾಯಿಗೆ ಹಾಕಿದರೆ ಮಧ್ಯೆ ತಡೆಯೇ ಇಲ್ಲ. ಇದೊಂದು ನಿಲ್ಲಲೇಬೇಕು. ಆದರೆ ಹೆಕ್ಕುವುದನ್ನು ನಿಲ್ಲಿಸಬೇಕಾಗಿಲ್ಲ. ಈ ವೈರಸ್ ಮೈಯಿಂದ ಹೊರಗೆ ಬಂದ ಮೇಲೆ ಜಾಸ್ತಿ ದಿನ ಬಾಳುವುದಿಲ್ಲ. ಬಿಸಿಲು, ಒಣ, ಸೋಪು ಯಾವುದನ್ನೂ ತಡೆದುಕೊಳ್ಳುವುದಿಲ್ಲ. ಚಾಲಿ ಅಡಿಕೆ ಅಂಗಳದಲ್ಲಿ 40 ದಿನದ ಮೇಲೆ ಒಣಗುತ್ತದಲ್ಲ, ಅದರಲ್ಲಿ ಭಯಪಡುವುದು ಏನೂ ಇಲ್ಲ. ಧಾರಾಳ ಮಾರಿ. ಹೆಕ್ಕುವಾಗ ರಬ್ಬರ್ ಗ್ಲೌಸ್ ಹಾಕಲಿ. ಒಂದು ವಾರ ಬೇರೆಯೇ ಮೂಲೆಯಲ್ಲಿ ಹರವಿ, ಅಲ್ಲಿ ಮಕ್ಕಳು ಆಡದಿರಲಿ. ಬಂದ ಮೇಲೆ ಕೈ, ಕತ್ತಿ ಸೋಪಿನಲ್ಲಿ ತೊಳೆಯಲಿ. ತಿನ್ನಲು ಅಡಿಕೆ ಮನೆಯಿಂದಲೇ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಲಿ.

ಎರಡನೆಯದನ್ನು ನೀವು ಅರ್ಧ ವಾಕ್ಯದಲ್ಲಿ ಬರೆದು ಮುಂದೆ ಹೋಗಿದ್ದೀರಿ: ಹಂದಿ ಗೂಡು. ನನ್ನ ಕಣ್ಣು ಅಲ್ಲೇ ನಿಂತಿತು. ನಿಪಾ ಮೊದಲ ಸಲ ಜಗತ್ತಿಗೆ ಗೊತ್ತಾಗಿದ್ದೇ ಹಂದಿ ಗೂಡಿನಿಂದ. 1998ರ ಕೊನೆ, 1999ರ ಶುರು, ಮಲೇಷ್ಯಾ. ದೊಡ್ಡ ದೊಡ್ಡ ಹಂದಿ ಫಾರಂ, ಅದರ ಬೇಲಿಗೆ ತಾಗಿ ಮಾವಿನ ತೋಪು. ಬಾವಲಿಗಳು ಮಾವು ತಿಂದು ಅರ್ಧ ಹಣ್ಣನ್ನು ಗೂಡಿಗೆ ಬೀಳಿಸಿದವು, ಹಂದಿಗಳು ಅದನ್ನು ತಿಂದವು. ಹಂದಿಯಿಂದ ಹಂದಿಗೆ, ಹಂದಿಯಿಂದ ಸಾಕುವವರಿಗೆ. 265 ಜನಕ್ಕೆ ರೋಗ ಬಂತು, 105 ಜನ ಸತ್ತರು. 10 ಲಕ್ಷಕ್ಕೂ ಜಾಸ್ತಿ ಹಂದಿಗಳನ್ನು ಕೊಲ್ಲಬೇಕಾಯ್ತು. ಸುಂಗೈ ನಿಪಾ ಎಂಬ ಹಳ್ಳಿಯ ಹೆಸರೇ ರೋಗಕ್ಕೆ ಬಂತು. ನಿಮ್ಮ ಪಕ್ಕದ ಅಣ್ಣನಿಗೆ ಹೇಳಿ: ಮರ ಅಲ್ಲ, ಮರದ ಅಡಿಯ ಗೂಡು ಮೊದಲು ಸರಿಯಾಗಬೇಕು. ಗೂಡನ್ನು ಗೆಲ್ಲಿನ ಕೆಳಗಿನಿಂದ ಸರಿಸಲಿ. ಆಗದಿದ್ದರೆ ಪೂರ್ತಿ ಮುಚ್ಚುವ ಹಾಗೆ ಶೀಟು ಹಾಕಿಸಲಿ. ಮೇವಿನ ಬಾನಿ, ನೀರಿನ ತೊಟ್ಟಿ ಬಯಲಿನಲ್ಲಿ ಇರಲೇಬಾರದು. ಹಕ್ಕಿ ಬಾವಲಿ ಕಚ್ಚಿದ ಹಣ್ಣನ್ನು ಹಂದಿಗೆ ಹಾಕಬಾರದು.

ಉಳಿದ ಪ್ರಶ್ನೆಗಳು ಸುಲಭ. ಪೇರಳೆ, ಗೇರುಹಣ್ಣು ಮರದಿಂದ ಕೊಯ್ದು, ತೊಳೆದು ತಿನ್ನಲಿ. ಹಲ್ಲಿನ ಗುರುತು ಇದ್ದದ್ದು, ನೆಲಕ್ಕೆ ಬಿದ್ದದ್ದು ಬೇಡ. ಕಚ್ಚಿದ ಕಡೆ ಕತ್ತರಿಸಿ ಉಳಿದದ್ದು ತಿನ್ನುವ ಅಭ್ಯಾಸ ಇರುತ್ತದೆ, ಅದೂ ಬೇಡ. ಬಾವಿಗೆ ಬಲೆ ಹಾಕಿ, ಕುಡಿಯುವ ನೀರು ಕುದಿಸಿ. 2018ರಲ್ಲಿ ಪೇರಾಂಬ್ರದ ಕಡೆ ನಿಪಾ ಬಂದ ಮನೆಯ ಬಾವಿಯಲ್ಲಿ ಸಿಕ್ಕ ಬಾವಲಿಗಳ ಫೋಟೋ ಎಲ್ಲ ಕಡೆ ಓಡಾಡಿತು ನೋಡಿ, ಅವು ಹುಳ ತಿನ್ನುವ ಸಣ್ಣ ಬಾವಲಿಗಳು. ಪರೀಕ್ಷೆಯಲ್ಲಿ ಅವುಗಳಲ್ಲಿ ವೈರಸ್ ಇರಲಿಲ್ಲ. ನಮ್ಮ ಕಡೆಯ ಸುರಂಗದೊಳಗೆ, ಹಳೇ ಮನೆಯ ಅಟ್ಟದಲ್ಲಿ ಇರುವುದೂ ಹೆಚ್ಚಾಗಿ ಹಾಗಿನವೇ. ಅವನ್ನು ಕೊಂದರೆ ಸೊಳ್ಳೆ, ಹುಳ ಜಾಸ್ತಿ ಆಗುವುದು ಬಿಟ್ಟರೆ ಏನೂ ಸಿಗುವುದಿಲ್ಲ.

ಇನ್ನೂ ಒಂದು ಮಾತಿದೆ, ನಾಳೆ ಬರೆಯುತ್ತೇನೆ. ಪೇಪರ್ ತಿದ್ದಲು ಕೂರಬೇಕು.

—

ಚಿಕ್ಕುತೋಟ, ಫೆಬ್ರವರಿ 6

ಮೇಷ್ಟ್ರೇ, ನೀವು ಹೇಳುವುದೆಲ್ಲ ಸರಿ. ಆದರೆ ಬೆಳೆ ಕಳೆದುಕೊಂಡವರ ಕಷ್ಟವೂ ಕೇಳಿ. ನಮ್ಮದು ಅಂಕೋಲಾ ಕಡೆ. 40 ಚಿಕ್ಕು ಗಿಡ ಇದೆ. ಹಣ್ಣಾಗುವ ಹೊತ್ತಿಗೆ ರಾತ್ರಿ ಬಂದು ಕೂತರೆ ಬೆಳಿಗ್ಗೆ ನೆಲದ ತುಂಬ ಚೀಪಿದ ಉಂಡೆಗಳು. ಹೋದ ವರ್ಷ ನಾನು ಮಾರಿದ್ದಕ್ಕಿಂತ ಅವು ತಿಂದದ್ದೇ ಜಾಸ್ತಿ. ಹೊಡೆಯಬಾರದು, ಓಡಿಸಬಾರದು ಎಂದರೆ ನಾವು ಏನು ಮಾಡುವುದು?

—

ಸುಳ್ಯದ ಮೇಷ್ಟ್ರು, ಫೆಬ್ರವರಿ 7

ಚಿಕ್ಕುತೋಟದವರೇ, ನಿಮ್ಮ ನಷ್ಟ ಸಣ್ಣದಲ್ಲ, ಒಪ್ಪುತ್ತೇನೆ. ತೋಟಕ್ಕೆ ಬಂದ ಬಾವಲಿಯನ್ನು ತಡೆಯುವುದು ಬೇರೆ, ಅವು ಹಗಲು ಮಲಗುವ ಮರವನ್ನು ಹಾಳು ಮಾಡುವುದು ಬೇರೆ. ಚಿಕ್ಕು ಬಲಿತ ಕೂಡಲೇ ಕೊಯ್ದು ಮನೆಯಲ್ಲೇ ಹಣ್ಣು ಮಾಡಿ. ಚಿಕ್ಕುವಿಗೆ ಆ ಅನುಕೂಲ ಇದೆ, ಗಿಡದಲ್ಲೇ ಹಣ್ಣಾಗಬೇಕೆಂದಿಲ್ಲ. ಬಲೆ ಹಾಕುವುದಾದರೆ ಬಿಗಿಯಾಗಿ ಕಟ್ಟಿ, ಕಣ್ಣು ಸಣ್ಣ ಇರಲಿ. ಸಡಿಲ ಬಲೆಯಲ್ಲಿ ರೆಕ್ಕೆ ಸಿಕ್ಕಿ ಒದ್ದಾಡುವುದನ್ನು ಬಿಡಿಸಲು ಹೋದರೆ ಕಚ್ಚುತ್ತದೆ. ಆಗ ನಿಮಗೂ ಅಪಾಯ, ಅದಕ್ಕೂ ಸಾವು.

ಕಾನೂನೂ ಬದಲಾಗಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಐದನೇ ಪಟ್ಟಿಯಲ್ಲಿ, ಪೀಡೆ ಎಂದು ಇಟ್ಟಿದ್ದರು. ಯಾರು ಕೊಂದರೂ ಕೇಳುವವರಿರಲಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಈ ದೊಡ್ಡ ಬಾವಲಿ ಈಗ ಎರಡನೇ ಪಟ್ಟಿಯಲ್ಲಿದೆ. ಕೊಲ್ಲುವುದು ಅಪರಾಧ. ಅಸ್ತಮಾಕ್ಕೆ ಒಳ್ಳೆಯದೆಂದು ಮಾಂಸ ತಿನ್ನುವವರು, ಗಂಟು ನೋವಿಗೆ ಕೊಬ್ಬು ಹಚ್ಚುವವರು ಈಗಲೂ ಇದ್ದಾರೆ. ಯಾವ ಕಾಯಿಲೆಯೂ ಅದರಿಂದ ಗುಣ ಆಗುವುದಿಲ್ಲ. ಹಿಡಿದು, ಕೊಯ್ದು, ತೊಳೆಯುವ ಆ ಕೆಲಸವೇ ರೋಗ ಅಂಟಿಸಿಕೊಳ್ಳುವ ಹತ್ತಿರದ ದಾರಿ.

ಅಕ್ಕಾ, ನಿನ್ನೆ ಉಳಿದ ಮಾತು. ಓಡಿಸಿದರೆ ಯಾಕೆ ಕೆಟ್ಟದ್ದು ಎಂಬುದಕ್ಕೆ ನನ್ನ ಶಾಲೆಯ ಕಥೆಗಿಂತ ದೊಡ್ಡ ಉದಾಹರಣೆ ಆಸ್ಟ್ರೇಲಿಯಾದಲ್ಲಿದೆ. ಅಲ್ಲಿ ನಿಪಾದ ಅಣ್ಣತಮ್ಮನಂಥ ಹೆಂಡ್ರಾ ವೈರಸ್ ಇದೆ. 1994ರಲ್ಲಿ ಬ್ರಿಸ್ಬೇನ್‌ನ ಒಂದು ಕುದುರೆ ಲಾಯದಲ್ಲಿ ಮೊದಲು ಕಂಡಿದ್ದು. ಅದೂ ಬಾವಲಿಯದ್ದೇ. ಅಲ್ಲಿನವರು 25 ವರ್ಷದ ಲೆಕ್ಕ ಇಟ್ಟು ನೋಡಿದರು. ಚಳಿಗಾಲದಲ್ಲಿ ಹೂ ಬಿಡುವ ಕಾಡು ಕಡಿದು ಹೋದಂತೆ ಬಾವಲಿಗಳು ಸಣ್ಣ ಸಣ್ಣ ಗುಂಪಾಗಿ ಊರು, ತೋಟ, ಕುದುರೆ ಮೇಯುವ ಬಯಲಿಗೆ ಬಂದವು. ತಿನ್ನಲು ಸಿಗದ ವರ್ಷ ಹಸಿವಿನಿಂದ ಸೋತ ಬಾವಲಿಗಳು ವೈರಸ್ ಜಾಸ್ತಿ ಹೊರಹಾಕಿದವು, ಆಗಲೇ ಕುದುರೆಗಳಿಗೆ ರೋಗ ಬಂತು. ಕಾಡಿನಲ್ಲಿ ಮರಗಳು ಚೆನ್ನಾಗಿ ಹೂ ಬಿಟ್ಟ ಚಳಿಗಾಲಗಳಲ್ಲಿ ಬಾವಲಿಗಳು ಅಲ್ಲಿಗೇ ಹೋದವು, ರೋಗ ಬರಲಿಲ್ಲ. ನಿಮ್ಮ ತಾರೆ ಮರವನ್ನು ನಾನು ಹಾಗೆಯೇ ನೋಡುತ್ತೇನೆ. ಅವು ಎಲ್ಲಿ ಇರುತ್ತವೆ ಎಂದು ಎಲ್ಲರಿಗೂ ಗೊತ್ತಿರುವ, ಮನೆಯಿಂದ ಆಚೆಗಿನ ಒಂದು ಜಾಗ. ಅದು ಹೋದರೆ ಮುಂದಿನ ಜಾಗ ಯಾವುದೆಂದು ನೀವು ಆರಿಸುವ ಹಾಗಿಲ್ಲ.

ಅವು ನಮಗೆ ಮಾಡುವ ಕೆಲಸ ಬೇರೆಯೇ ಇದೆ. ನಮ್ಮ ಅಜ್ಜಿ ಕಾಲದಲ್ಲಿ ಹೊನ್ನೆ ಎಣ್ಣೆಯ ದೀಪ ಇತ್ತಲ್ಲ, ಆ ಹೊನ್ನೆಕಾಯಿಯನ್ನು ಹೊತ್ತು ತಂದು ಸಿಪ್ಪೆ ತಿಂದು ಬೀಜ ಬೀಳಿಸುತ್ತಿದ್ದದ್ದು ಬಾವಲಿಗಳೇ. ಜನ ಮರದಡಿ ಹೆಕ್ಕಿ ಗಾಣಕ್ಕೆ ಕೊಡುತ್ತಿದ್ದರು. ಗೋಳಿ, ಅತ್ತಿ, ನೇರಳೆ ಬೀಜ ಬೋಳು ಗುಡ್ಡಕ್ಕೆ ಹೋಗುವುದೂ ಇವುಗಳಿಂದ. ರಾತ್ರಿ ಅರಳುವ ಬೂರುಗದ ಹೂವಿಗೆ, ಹಿಪ್ಪೆ ಹೂವಿಗೆ ಮುಖ ಹಾಕಿ ಪರಾಗ ಹಚ್ಚಿಕೊಂಡು ಹೋಗುತ್ತವೆ. ಮತ್ತೆ ವರ್ಷಕ್ಕೆ ಒಂದೇ ಮರಿ. ಇಲಿಯ ಹಾಗೆ ಹತ್ತು ಹೆರುವ ಜಾತಿ ಅಲ್ಲ. ಒಂದು ಮರದ ಗುಂಪು ಸತ್ತರೆ ತುಂಬಿ ಬರಲು ಎಷ್ಟೋ ವರ್ಷ ಬೇಕು.

—

ನರ್ಸಕ್ಕ_ಕುಡ್ಲ, ಫೆಬ್ರವರಿ 7

ನಾನು ಮಂಗಳೂರಿನಲ್ಲಿ ನರ್ಸ್. ಮೇಷ್ಟ್ರು ಮರದ ಕಡೆಯದ್ದು ಹೇಳಿದರು, ನಾನು ಆಸ್ಪತ್ರೆ ಕಡೆಯದ್ದು ಹೇಳುತ್ತೇನೆ. ಅದು ಯಾರೂ ಹೇಳುವುದಿಲ್ಲ.

ನಮ್ಮ ದೇಶದಲ್ಲಿ ನಿಪಾ ಬಂದಾಗ ಬಾವಲಿಯಿಂದ ರೋಗ ಬರುವುದು ಹೆಚ್ಚಾಗಿ ಒಬ್ಬರಿಗೋ ಇಬ್ಬರಿಗೋ. ಆಮೇಲೆ ಹರಡುವುದು ಮನುಷ್ಯರಿಂದ ಮನುಷ್ಯರಿಗೆ, ಅದೂ ಹೆಚ್ಚಾಗಿ ಆರೈಕೆ ಮಾಡಿದವರಿಗೆ. 2001ರಲ್ಲಿ ಸಿಲಿಗುರಿಯಲ್ಲಿ ಹಾಗೇ ಆಯ್ತು. 66 ಜನಕ್ಕೆ ಬಂತು, 45 ಜನ ತೀರಿಕೊಂಡರು, ಹೆಚ್ಚಿನವರು ಆಸ್ಪತ್ರೆಯಲ್ಲಿ ಅಂಟಿಸಿಕೊಂಡವರು. ಆಗ ಯಾವ ರೋಗ ಎಂದೇ ಗೊತ್ತಿರಲಿಲ್ಲ. 2018ರಲ್ಲಿ ಕೇರಳದಲ್ಲಿ 17 ಜನ ಹೋದರು. ಅವರಲ್ಲಿ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಒಬ್ಬರು. ಎರಡು ಸಣ್ಣ ಮಕ್ಕಳ ತಾಯಿ. ಆ ವಾರ ನಮ್ಮ ವಾರ್ಡಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ನಮ್ಮಲ್ಲಿ ಅರ್ಧ ಜನ ಕೇರಳದವರೇ, ರಾತ್ರಿ ಪಾಳಿ ಮುಗಿಸಿ ಕೂತು ಅಳುತ್ತಿದ್ದರು. ಆಗ ಮಂಗಳೂರಿನಲ್ಲೂ ಶಂಕೆ ಅಂತ ಸುದ್ದಿ ಬಂತು, ಮಾದರಿ ಕಳಿಸಿದರು, ನೆಗೆಟಿವ್ ಬಂತು. ಆ ಎರಡು ದಿನ ಮಾಸ್ಕ್ ಬಿಗಿಯಾಗಿ ಕಟ್ಟಿಕೊಂಡು ಮಾಡಿದ ಕೆಲಸ ಮರೆಯುವ ಹಾಗಿಲ್ಲ.

ಲಕ್ಷಣ ಶುರುವಾಗುವುದು ಸಾಮಾನ್ಯ ಜ್ವರದ ಹಾಗೇ. ಜ್ವರ, ತಲೆನೋವು, ಮೈಕೈ ನೋವು, ವಾಂತಿ, ಕೆಲವರಿಗೆ ಕೆಮ್ಮು, ಉಸಿರಾಟದ ತೊಂದರೆ. ಆಮೇಲೆ ಮಂಪರು, ಮಾತು ತಡವರಿಕೆ, ಫಿಟ್ಸ್. ಮಿದುಳಿಗೆ ಬಾವು ಬಂದರೆ ಒಂದೆರಡು ದಿನದಲ್ಲಿ ಕೋಮಾಕ್ಕೆ ಹೋಗುತ್ತಾರೆ. ವೈರಸ್ ತಾಗಿದ ಮೇಲೆ ಸಾಮಾನ್ಯವಾಗಿ 4ರಿಂದ 14 ದಿನದಲ್ಲಿ ಜ್ವರ ಕಾಣುತ್ತದೆ. ಬಂದವರಲ್ಲಿ 100ಕ್ಕೆ 40ರಿಂದ 75 ಜನ ಉಳಿಯುವುದಿಲ್ಲ. ಅದಕ್ಕೇ ಬೇಗ ಗೊತ್ತಾಗುವುದು ಮುಖ್ಯ.

ಅಕ್ಕಾ, ಭಯಪಡಿಸಲು ಇದನ್ನು ಬರೆಯುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಜ್ವರ ಎಂದರೆ ಡೆಂಗಿ, ಮಲೇರಿಯಾ, ಇಲಿಜ್ವರ. ಹೆಚ್ಚಿನ ಸಲ ಅಂಥದ್ದೇ ಇರುತ್ತದೆ ಎಂದುಕೊಳ್ಳಿ. ಆದರೂ ನಿಮ್ಮ ಅತ್ತೆಗೋ ಪಕ್ಕದ ಮನೆಯವರಿಗೋ ಜೋರು ಜ್ವರದ ಜೊತೆ ಮಂಪರು ಬಂದರೆ, ಡಾಕ್ಟರ್ ಕೇಳುವ ಮೊದಲೇ ಹೇಳಿ: "ಮನೆ ಹತ್ತಿರ ಬಾವಲಿ ಮರ ಇದೆ, ಚೀಪಿದ ಅಡಿಕೆ ಹೆಕ್ಕುತ್ತಾರೆ, ಪಕ್ಕದ ಮನೆಯವರ ಮಗ ಮಲಪ್ಪುರಂನಲ್ಲಿದ್ದಾನೆ." ಈ ಮೂರು ಮಾತು ಚೀಟಿಯಲ್ಲಿ ಬರೆಯಲಿಕ್ಕೆ ಹೇಳಿ. ಯಾರೂ ಹೇಳದಿದ್ದರೆ ನಮಗೆ ಗೊತ್ತಾಗುವುದು ಹೇಗೆ? ನೋಡಿಕೊಳ್ಳುವವರು ಒಬ್ಬರೇ ಇರಲಿ, ಮಾಸ್ಕ್ ಹಾಕಲಿ, ಜೊಲ್ಲು ವಾಂತಿ ಒರೆಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ಲಸಿಕೆ ಇಲ್ಲ. ಸೋಪೇ ಈಗ ನಮ್ಮ ಕೈಯಲ್ಲಿರುವ ಮದ್ದು.

—

ಮೂರ್ತೆಮನೆ, ಫೆಬ್ರವರಿ 8

ನಮ್ಮ ಅಪ್ಪ ಮೂರ್ತೆ ಮಾಡುವವರು, ಅಂದರೆ ಮರದಿಂದ ಶೇಂದಿ ಇಳಿಸುವವರು. ತೆಂಗು, ತಾಳೆ ಎರಡೂ. ಶೇಂದಿ ಕುಡಿಯುವವರಿಗೆ ಒಂದು ಮಾತು ಇಲ್ಲೇ ಹೇಳುತ್ತೇನೆ.

ಬಾಂಗ್ಲಾದೇಶದಲ್ಲಿ ಹೆಚ್ಚು ಕಡಿಮೆ ಪ್ರತಿ ಚಳಿಗಾಲ ನಿಪಾ ಬರುವುದು ಖರ್ಜೂರದ ಮರದ ಹಸಿ ರಸದಿಂದ ಎಂದು ಓದಿದ ದಿನ ಅಪ್ಪನಿಗೆ ಓದಿ ಹೇಳಿದೆ. ರಾತ್ರಿ ಬಾವಲಿ ಬಂದು ರಸ ಸುರಿಯುವ ಜಾಗ ನೆಕ್ಕುತ್ತದೆ, ಮಡಕೆಗೆ ಉಚ್ಚೆ ಹೊಯ್ಯುತ್ತದೆ, ಬೆಳಿಗ್ಗೆ ಜನ ಅದನ್ನು ಹಸಿಯಾಗಿಯೇ ಕುಡಿಯುತ್ತಾರೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮಡಕೆಗೂ ಬರುತ್ತದೆ" ಎಂದರು. ಮಡಕೆಯ ಬಾಯಲ್ಲಿ ಉಗುರು ಗೀರಿದ್ದು, ನೊರೆಯಲ್ಲಿ ಕೂದಲು ಅಂಟಿದ್ದು ಅವರು ಎಷ್ಟೋ ಸಲ ನೋಡಿದ್ದರಂತೆ.

ಬಾಂಗ್ಲಾದಲ್ಲಿ ಬಿದಿರಿನ ತಟ್ಟಿ ಕಟ್ಟಿ ಮುಚ್ಚುತ್ತಾರೆ. ಅಪ್ಪ ಅದನ್ನು ನಮ್ಮ ಹಾಗೆ ಮಾಡಿಕೊಂಡರು. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ರಸ ಸುರಿಯುವ ಕೊಂಬಿಗೂ ಮಡಕೆಗೂ ಸೇರಿಸಿ ಸುತ್ತಿ, ಮೇಲೆ ಹಳೇ ಸೊಳ್ಳೆಪರದೆ ಎರಡು ಸುತ್ತು ಕಟ್ಟುತ್ತಾರೆ. ಕೊಂಬು ಮಾತ್ರ ಮುಚ್ಚಿ ಮಡಕೆ ಬಿಟ್ಟರೆ ಆಗುವುದಿಲ್ಲ, ಮಡಕೆ ಮಾತ್ರ ಮುಚ್ಚಿದರೂ ಆಗುವುದಿಲ್ಲ, ಎರಡೂ ಒಳಗೆ ಬರಬೇಕು. ಮರಕ್ಕೆ ಹತ್ತು ನಿಮಿಷ ಜಾಸ್ತಿ ಬೇಕು. 62 ವರ್ಷದ ಕಾಲಿಗೆ ಮರದ ಮೇಲೆ ಹತ್ತು ನಿಮಿಷ ಎಂದರೆ ಸಣ್ಣದಲ್ಲ. ಆದರೂ ಬಿಟ್ಟಿಲ್ಲ. ನಿಮಗೆ ಶೇಂದಿ ಕೊಡುವವರ ಹತ್ತಿರ ಮುಚ್ಚಿ ಇಳಿಸಿದ್ದಾ ಎಂದು ಕೇಳಿ. ಕೇಳುವವರು ಇದ್ದರೆ ಕಟ್ಟುವವರಿಗೂ ಬೆಲೆ. ಬೆಲ್ಲ ಮಾಡಿದ್ದಾದರೆ ಹೆದರಬೇಡಿ, ಕುದ್ದು ಕುದ್ದು ಬಂದದ್ದು ಅದು.

—

ತೋಡಿನಬದಿ, ಫೆಬ್ರವರಿ 21

ಎಲ್ಲರಿಗೂ ತುಂಬ ಧನ್ಯವಾದ. ಏನಾಯ್ತು ಎಂದು ಹೇಳಲೇಬೇಕು.

ಅತ್ತೆಯ ವಿಷಯ ಮೊದಲು. ನಾನು ಹೇಳಿದರೆ ಕೇಳುವುದಿಲ್ಲ ಎಂದು ಗೊತ್ತಿತ್ತು. ನರ್ಸಕ್ಕ ಬರೆದದ್ದನ್ನು ಮಗಳ ಹತ್ತಿರ ಓದಿಸಿದೆ. ಲಿನಿಯ ಎರಡು ಮಕ್ಕಳ ವಿಷಯ ಬಂದಾಗ ಅತ್ತೆ ಬಾಯಲ್ಲಿದ್ದ ಎಲೆ ಉಗುಳಿ ಬಂದು ಕೂತರು. "ನನಗೆ ಬಂದರೆ ನೋಡಿಕೊಳ್ಳುವುದು ನೀನಲ್ವಾ" ಎಂದರು. ಅಷ್ಟೇ. ಮರುದಿನದಿಂದ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಒಣ ಅಡಿಕೆ ಹೋಳು ತೆಗೆದುಕೊಂಡು ಹೋಗುತ್ತಾರೆ. ಗ್ಲೌಸ್ ಬೆರಳಿಗೆ ದೊಡ್ಡದಾಯ್ತು, ಅಡಿಕೆ ಜಾರುತ್ತದೆ ಎಂದು ಎರಡು ದಿನ ಗೊಣಗಿದರು. ಸಣ್ಣ ಸೈಜಿನದ್ದು ತಂದುಕೊಟ್ಟೆ. ಬಚ್ಚಲಿನ ಹೊರಗಿನ ಕಲ್ಲಿನ ಮೇಲೆ ಸೋಪು, ಬಕೆಟ್ ಇಟ್ಟಿದ್ದೇನೆ. ಕತ್ತಿ ತೊಳೆಯದೆ ಒಳಗೆ ಬರುವುದಿಲ್ಲ.

ಪಕ್ಕದ ಅಣ್ಣ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಮಲೇಷ್ಯಾದ ಹಂದಿಗಳ ಕಥೆ ಹೇಳಿದಾಗ ಮುಖ ಬಿಳಿಚಿತು. "ಮತ್ತೆ ಬಾವಲಿ ಓಡಿಸಲೇಬೇಕಲ್ಲ" ಎಂದರು. ಮೇಷ್ಟ್ರ ಶಾಲೆಯ ಕಥೆ ಹೇಳಿದೆ. "ಅಣ್ಣಾ, ಇಲ್ಲಿಂದ ಎದ್ದರೆ ನಿಮ್ಮ ಹಲಸಿನ ಮರಕ್ಕೆ ಬಂದು ಕೂರಬಹುದು, ಅದು ನಿಮ್ಮ ಅಡುಗೆ ಮನೆಯ ಮೇಲೆಯೇ ಇದೆ" ಎಂದೆ. ಆಗ ಸುಮ್ಮನಾದರು. ಒಟ್ಟು ಎಷ್ಟಿವೆ ಎಂದು ಕೇಳಿದರು. ನಾನು ಸಾವಿರ ಇರಬಹುದು ಎಂದೆ, ಅವರು ಎರಡು ಸಾವಿರ ಎಂದರು. ಎಣಿಸುವುದು ಹೇಗೆ ಮೇಷ್ಟ್ರೇ? ಹಗಲು ಎಣಿಸಲು ಆಗುವುದಿಲ್ಲ, ಒಂದರ ಮೇಲೆ ಒಂದು ಇರುತ್ತವೆ.

—

ಸುಳ್ಯದ ಮೇಷ್ಟ್ರು, ಫೆಬ್ರವರಿ 21

ಸಂಜೆ ಎದ್ದು ಹೋಗುವಾಗ ಎಣಿಸಿ ಅಕ್ಕಾ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಶುರು ಮಾಡುತ್ತವೆ. ಮರದ ನೇರ ಕೆಳಗೆ ನಿಲ್ಲಬೇಡಿ, ದೂರದಲ್ಲಿ ಆಕಾಶ ಕಾಣುವ ಕಡೆ ನಿಲ್ಲಿ. ಇಬ್ಬರು ಇದ್ದರೆ ಆಕಾಶವನ್ನು ಅರ್ಧ ಅರ್ಧ ಹಂಚಿಕೊಳ್ಳಿ. ಹತ್ತಕ್ಕೊಂದು ಕಲ್ಲು ಡಬ್ಬಿಗೆ ಹಾಕಿ, ಬಾಯಲ್ಲಿ ಎಣಿಸಿದರೆ ತಪ್ಪುತ್ತದೆ. ಮೂರು ಸಂಜೆ ಎಣಿಸಿ ನೋಡಿ.

ಇನ್ನು ಸ್ವಲ್ಪ ದಿನದಲ್ಲಿ ಮರಿ ಹಾಕುವ ಕಾಲ. ತಾಯಿ ಮೊದಲ ಕೆಲವು ವಾರ ಮರಿಯನ್ನು ಹೊಟ್ಟೆಗೆ ಕಚ್ಚಿಸಿಕೊಂಡೇ ಹಾರುತ್ತದೆ. ನೋಡಿದರೆ ಗೊತ್ತಾಗುತ್ತದೆ, ಹಾರುವಾಗ ಎದೆ ದಪ್ಪ ಕಾಣುತ್ತದೆ. ಕೆಳಗೆ ಮರಿ ಬಿದ್ದರೆ ಮಕ್ಕಳು ಬರಿಗೈಯಲ್ಲಿ ಮುಟ್ಟದಿರಲಿ. ದಪ್ಪ ಟವೆಲ್ ಹಾಕಿ ರಟ್ಟಿನ ಡಬ್ಬಿಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ, ಗೀರಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

—

ತೋಡಿನಬದಿ, ಮಾರ್ಚ್ 9

ಎಣಿಸಿದೆವು. ಗದ್ದೆಯ ಹುಣಿಯಲ್ಲಿ ನಾನು, ಮಗಳು, ಪಕ್ಕದ ಅಣ್ಣ, ಅವರ ಮೊಮ್ಮಗು ಕಂಕುಳಲ್ಲಿ. ಮೊದಲು ಒಂದೇ ಒಂದು ಎದ್ದು ಮರಕ್ಕೆ ಸುತ್ತು ಹಾಕಿ ತೋಡಿನ ನೀರಿಗೆ ಹೊಟ್ಟೆ ತಾಗಿಸಿ ಮೇಲೆ ಹೋಯಿತು. ಆಮೇಲೆ ಎರಡು, ಐದು, ಮತ್ತೆ ಎಣಿಸಲು ಬಿಡದ ಹಾಗೆ. ರೆಕ್ಕೆಯ ಸದ್ದು ಒದ್ದೆ ಬಟ್ಟೆ ಕೊಡವಿದ ಹಾಗೆ ಕೇಳುತ್ತದೆ. ಮಗಳಿಗೆ ಎದೆ ದಪ್ಪ ಇದ್ದದ್ದು ಕಂಡಿತು, ಮರಿ ಇದೆ ಎಂದು ಕೂಗಿದಳು. ಒಟ್ಟು ಮೊದಲ ಸಂಜೆ 227, ಎರಡನೇ ಸಂಜೆ 241, ಮೂರನೇ ಸಂಜೆ 236. ಅಣ್ಣ ಡಬ್ಬಿಯ ಕಲ್ಲನ್ನು ಎರಡು ಸಲ ಸುರಿದು ನೋಡಿದರು. "ಇಷ್ಟೇನಾ" ಎಂದರು.

ಹಂದಿ ಗೂಡಿಗೆ ಹೊಸ ಶೀಟು ಹಾಕಿಸಿದ್ದಾರೆ, ಗೋಡೆಯಿಂದ ನಾಲ್ಕು ಅಡಿ ಮುಂದಕ್ಕೆ. ಬಾನಿ ಒಳಗೆ ಹೋಯಿತು. ಗೂಡಿನ ಮೇಲೆ ಬಾಗಿದ ಒಂದು ಗೆಲ್ಲು ಮಾತ್ರ ಕಡಿಸಬೇಕು ಎಂದರು. ಅರಣ್ಯ ಇಲಾಖೆಯವರನ್ನು ಕೇಳಿ, ಮರಿಗಳು ಹಾರಲು ಕಲಿತ ಮೇಲೆ, ಮಳೆಗೆ ಮೊದಲು ಆ ಒಂದು ಗೆಲ್ಲು ತೆಗೆಸೋಣ ಎಂದು ಮಾತಾಗಿದೆ. ಕಡಿಯುವ ಖರ್ಚು ಅರ್ಧ ಅರ್ಧ.

ಬಾವಿಯ ಬಲೆ ನಾಳೆ ಬರುತ್ತದೆ.